ಒಣಸಿಗಡಿ ಕಟ್ಟಿದ ಹಾಳೆ

ಭಾನುವಾರದ ಸಂತೆಯಿಂದ ಒಣಸಿಗಡಿ ತಂದು
ಅಡುಗೆಕಟ್ಟೆಯ ಮೇಲೆ ಪೊಟ್ಟಣ ಬಿಚ್ಚಿದರೆ
ಒಳಗೆ ನನ್ನದೇ ಅಕ್ಷರ.

ಹಾಜರಿ ಪುಸ್ತಕದ್ದಾಗಿದ್ದರೆ ಹೋಗಲಿ ಅನ್ನಬಹುದಿತ್ತು.
ಒಂಬತ್ತನೇ ಇಯತ್ತೆ, ಬ ವಿಭಾಗ,
ಸುಲಕ್ಷಾ ಹರಿಕಂತ್ರ. ಗಣಿತ ಹನ್ನೊಂದು.
ತಂದೆಯ ಹೆಸರಿರಬೇಕಾದಲ್ಲಿ
ಸ್ಕೇಲಿಟ್ಟು ನಾನೇ ಎಳೆದ ಗೆರೆ.
ಷರಾ: ತಾಯಿ ಬಂದು ಅತ್ತರು. ಫೀ ಮಾಫಿ.
ಹುಡುಗಿಗೆ ಫಿಟ್ಸು ಬರುತ್ತದೆ,
ಪ್ರವಾಸದಲ್ಲಿ ನೀರಿನ ಹತ್ತಿರ ಬಿಡಬಾರದು.
'ಅತ್ತರು' ಅನ್ನುವುದರ ಒತ್ತಿಗೆ
ಸಿಗಡಿಯ ಮೀಸೆಯೊಂದು ಅಂಟಿಕೊಂಡಿತ್ತು.

ಮೇ ತಿಂಗಳಲ್ಲಿ ಕಪಾಟು ಖಾಲಿ ಮಾಡಿಸಿದವನು ನಾನು.
ಗೆದ್ದಲು ಅಂದೆ, ಹೆಡ್‌ಮಾಸ್ತರರು ಸಹಿ ಹಾಕಿದರು.
ರದ್ದಿಯವ ಕಿಲೋಗೆ ಹದಿಮೂರು ಕೊಟ್ಟ.
ಆಫೀಸಿನ ಕಂಪ್ಯೂಟರಿನ ಪಾಸ್‌ವರ್ಡನ್ನು ಮಾತ್ರ
ಹೆಂಡತಿಗೂ ಹೇಳಿದವನಲ್ಲ.

ಸೈಕಲ್ ಹತ್ತಿ ವಾಪಸು ಓಡಿದೆ.
ಶೇವಂತಿಬಾಯಿ ಬುಟ್ಟಿಯ ಹಿಂದೆ
ಇಟ್ಟಿಗೆ ಹೇರಿಟ್ಟಿದ್ದಳು, ನನ್ನ ಇಪ್ಪತ್ತು ವರ್ಷದ ಮೇಲೆ.
ಅದೆಲ್ಲ ಬೇಕು ಅಂದೆ.
"ಮತ್ತೆ ಮೀನು ಎಂತದ್ರಲ್ಲಿ ಕಟ್ಟಲಿ?"
ಮಕ್ಕಳ ವಿಷಯ ಬಾಯಿ, ಯಾರಾದರೂ ಓದಿದರೆ?
"ಬರೆದದ್ದು ಒಳಗೆ ಮಾಡಿಯೇ ಕಟ್ಟುದು ನಾನು.
ಮೀನಿಗೆ ಬಿಟ್ಟು ಯಾರಿಗೂ ಕಾಣುದಿಲ್ಲ."
ನಕ್ಕಳು. ನಗು ಅರ್ಧಕ್ಕೆ ನಿಂತಿತು.
"ನಮ್ಮ ಪೋರಂದೂ ಉಂಟಾ ಇದ್ರಲ್ಲಿ?"

ಉಂಟು. ಎಂಟನೇ ಇಯತ್ತೆಯಲ್ಲಿ ಅವನು ಏನು ಕದ್ದ,
ಯಾರು ಹೊಡೆದರು, ಯಾಕೆ ಶಾಲೆ ಬಿಟ್ಟ,
ಎಲ್ಲವೂ ಉಂಟು.
ನೋಡಬೇಕು, ಅಂದೆ.
ಅವಳು ನನ್ನ ಮುಖವನ್ನೇ ಓದಿದಳು,
ಅಕ್ಷರ ಬಾರದವಳು.
ಇಟ್ಟಿಗೆ ತೆಗೆದಳು. ದುಡ್ಡು ಬೇಡ,
ಹಳೇ ಪೇಪರು ತಂದುಕೊಡಿ, ಅಷ್ಟೇ, ಅಂದಳು.

ರಾತ್ರಿ ಬಚ್ಚಲೊಲೆಯ ಮುಂದೆ ಕೂತು ಎಣಿಸಿದೆ.
ಹದಿನೇಳು ಹಾಳೆ ಕಡಿಮೆ.
ಕೋಡಿಬಾಗದಲ್ಲೋ ಬೈತಖೋಲದಲ್ಲೋ
ಯಾರದೋ ಮನೆಯಲ್ಲಿ ಬಾಣಲೆ ಕಾಯುತ್ತಿದೆ,
ಯಾರೋ ಹಾಳೆಯ ಮಡಿಕೆ ಬಿಡಿಸಿ
ಕನ್ನಡಕ ಹುಡುಕುತ್ತಿದ್ದಾರೆ.
ಉಳಿದವನ್ನು ಒಂದೊಂದಾಗಿ ಒಲೆಗೆ ಕೊಟ್ಟೆ.
ನೀರು ಕಾದಿತು. ಮೀಯಲು ಮನಸ್ಸಾಗಲಿಲ್ಲ.

ಮರುದಿನ ಬಂದರಿನ ರಸ್ತೆಯಲ್ಲಿ ಸುಲಕ್ಷಾ ಸಿಕ್ಕಳು.
ಐಸ್ ಫ್ಯಾಕ್ಟರಿಯಲ್ಲಿ ಈಗ ಲೆಕ್ಕ ಬರೆಯುತ್ತಾಳೆ.
ಸ್ಕೂಟಿ ನಿಲ್ಲಿಸಿ, "ಸರ್, ಆರಾಮಾ?" ಅಂದಳು.
ಆರಾಮು, ಅಂದೆ.
ಕೈ ಎರಡೂ ಜೇಬಿನಲ್ಲಿದ್ದವು.
ಮೂರು ಸಲ ಸಾಬೂನು ಹಚ್ಚಿದ್ದೆ,
ವಾಸನೆ ಹೋಗಿರಲಿಲ್ಲ.