ಸೇರು

ಡಲೂತ್ ಊರಿನ ಲೈಬ್ರರಿ, ಎರಡನೇ ಮಹಡಿ,
ಸರೋವರದ ಕಡೆ ಕಿಟಕಿಯಿರುವ ಮೇಜು.
ಜನವರಿ. ಹೊರಗೆ ಮೈನಸ್ ಇಪ್ಪತ್ತೊಂದು.
ಹದಿಮೂರು ವರ್ಷದಿಂದ ಇಲ್ಲೇ ಕೂತು
ನಾನು ಓದಿದ ವಿಶ್ವವಿದ್ಯಾಲಯದ ಪರವಾಗಿ
ಅರ್ಜಿ ಹಾಕಿದ ಮಕ್ಕಳನ್ನು ಮಾತಾಡಿಸುತ್ತೇನೆ. ಸಂಬಳವಿಲ್ಲ.
ವರ್ಷಕ್ಕೊಂದು ಕಾಫಿ ಮಗ್ಗು ಕಳಿಸುತ್ತಾರೆ, ಲಾಂಛನವಿರುವುದು.
ಮೂವತ್ತೇಳು ಮಕ್ಕಳು. ಸೇರಿದ್ದು ಒಬ್ಬ.
ಅವನ ಬಗ್ಗೆ ನಾನು ಬರೆದಿದ್ದೆ: ಪರವಾಗಿಲ್ಲ.

ಮೂವತ್ತೆಂಟನೆಯವಳು ಸಿಗ್ನೆ ಮಾಕಿ.
ಹತ್ತು ನಿಮಿಷ ಮೊದಲೇ ಬಂದು, ಬೂಟಿನ ಹಿಮ ಕೊಡವಿ,
"ಸಾರಿ, ತೋಳೆಲ್ಲ ಮೀನು ಹೊಗೆ ನಾತ" ಅಂದಳು.
ಶನಿವಾರ ಮೀನಿನಂಗಡಿಯಲ್ಲಿ ಕೆಲಸ.
ಅಪ್ಪ ಅದಿರಿನ ಹಡಗಿನ ಎಂಜಿನ್ ಕೋಣೆಯವನು;
ಚಳಿಗಾಲವಿಡೀ ಮನೆಯಲ್ಲಿ ಕೂತು
ಕೆಡದ ಸಾಮಾನನ್ನೂ ರಿಪೇರಿ ಮಾಡುತ್ತಾನಂತೆ.

ನನ್ನೆದುರು ಫಾರಂ. ಬುದ್ಧಿ, ಕುತೂಹಲ, ನಾಯಕತ್ವ, ದಯೆ:
ಒಂದರಿಂದ ಐದರ ತನಕ ಒಂದು ಸೊನ್ನೆ ತುಂಬಬೇಕು.
ದಯೆಗೆ ಮೂರೂವರೆ ಕೊಡಲು ಬಿಡುವುದಿಲ್ಲ.
ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ
ನಮ್ಮಜ್ಜಿ ಸೇರಿನಲ್ಲಿ ಅಳೆಯುತ್ತಿದ್ದಳು.
ಅಂಗೈ ಎಳೆದು ಬಾಯಿ ಸಮ ಮಾಡಿ
ಆಮೇಲೊಂದು ಹಿಡಿ ಮೇಲೆ ಎಸೆಯುತ್ತಿದ್ದಳು, ಕೊಸರು.
ಕೊಸರಿಗೆ ಈ ಫಾರಮಿನಲ್ಲಿ ಸೊನ್ನೆಯಿಲ್ಲ.

ಬಿಡುವಾದಾಗ ಏನು ಮಾಡ್ತೀಯ, ಕೇಳಿದೆ.
ಚೀಲದಿಂದ ಒಂದು ನೋಟುಬುಕ್ಕು ತೆಗೆದಳು.
ಏಳು ವರ್ಷದಿಂದ ಕಾಲುವೆಗೆ ಬಂದ ಹಡಗುಗಳು,
ಬಂದ ಹೊತ್ತು, ಕೂಗಿದ ಸ್ವರ.
"ಮಂಜು ಕವಿದ ದಿನ ಕೂಗು ಅರ್ಧ ಸ್ವರ ಇಳಿದ ಹಾಗೆ ಕೇಳತ್ತೆ.
ನಿಜವೋ ನನ್ನ ಕಿವಿಯೋ ಗೊತ್ತಿಲ್ಲ. ನೋಡಬೇಕು."
ಇದನ್ನ ಅರ್ಜಿಯಲ್ಲಿ ಬರೆದೆಯಾ?
"ಇಲ್ಲ, ಚರ್ಚಾಕೂಟದ ಬಗ್ಗೆ ಬರಿ ಅಂದರು ಶಾಲೇಲಿ."

ಕೊನೆಗೆ, ನಿಯಮದ ಪ್ರಕಾರ: ನೀನೂ ಏನಾದರೂ ಕೇಳು.
ಉಳಿದವರು ಕೇಳುವುದು ಹಾಸ್ಟೆಲು, ಲ್ಯಾಬು, ಪ್ರೊಫೆಸರು.
ಇವಳು ಕೇಳಿದಳು: ಅಲ್ಲಿ ನಿಮಗೆ ಸೇರಿತಾ?

ಕೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಬಿದ್ದದ್ದು
ತಟ್ಟೆ ಬಿಟ್ಟೆದ್ದ ಮಗುವಿಗೆ ಅಜ್ಜಿ ಕೇಳುವ ದನಿ:
ಯಾಕೆ, ಸೇರಲಿಲ್ವೇನೇ?

ಸೇರಿದ್ದೆ. ಪತ್ರ ಬಂದ ದಿನ ಭಟ್ಟಿಯವರೆಲ್ಲ ಪೇಡೆ ತಿಂದರು.
ನಾಲ್ಕು ವರ್ಷ ಕಲ್ಲಿನ ಕಮಾನುಗಳ ಕೆಳಗೆ ಬಿರಬಿರನೆ ನಡೆದೆ,
ಹಿಂದಿನಿಂದ ಯಾರಾದರೂ ಕರೆದು
"ಹೆಸರು ತಪ್ಪಾಗಿದೆ" ಅಂದಾರೆಂದು.
ಈಗ ಈ ಊರಿನ ಕುಡಿಯುವ ನೀರು ಪರೀಕ್ಷೆ ಮಾಡುತ್ತೇನೆ.
ಹಳೆಯ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ
ನೀರು ಚೆನ್ನಾಗಿದೆ ಅಂತ ಸುದ್ದಿ ಹಾಕುವುದಿಲ್ಲ.

"ಲೈಬ್ರರಿ ಸೇರಿತ್ತು" ಅಂದೆ.
ಅವಳು ಅದನ್ನೂ ಬರೆದುಕೊಂಡಳು.

ರಾತ್ರಿ ಅಳೆದೂ ಸುರಿದೂ ಎಲ್ಲಕ್ಕೂ ಐದು ತುಂಬಿದೆ.
ಷರಾ ಜಾಗದಲ್ಲಿ ಹಡಗಿನ ಕೂಗು ಬರೆದೆ.
ಮಿತಿ ಮೀರಿತೆಂದು ಪರದೆ ಕೆಂಪಾಯಿತು.
ಚರ್ಚಾಕೂಟ ಅಳಿಸಿದೆ. ಇನ್ನೂ ಕೆಂಪು.
"ಶ್ರಮಜೀವಿ" ಅಳಿಸಿದೆ. ಹಿಡಿಸಿತು.

ಮಾರ್ಚ್ ಕೊನೆಗೆ ಪತ್ರ: ನಿಮ್ಮ ಸಮಯಕ್ಕೆ ಕೃತಜ್ಞತೆಗಳು.
ಜೊತೆಗೊಂದು ಪಟ್ಟಿ. ನಮ್ಮ ಊರಿನ ಹೆಸರಿಲ್ಲ.
ಮಗ್ಗೂ ಬಂತು, ಹಿಡಿ ಮುರಿದು.

ಏಪ್ರಿಲ್ ಸಂಜೆ, ಐಸು ಒಡೆದ ಮೇಲೆ,
ಸೇತುವೆ ಎದ್ದು ನಿಂತಿತ್ತು. ಹಡಗು ಕೂಗಿತು:
ಒಂದು ಉದ್ದ, ಎರಡು ಗಿಡ್ಡ.
ಸೇತುವೆಯೂ ಹಾಗೇ ಓಗೊಟ್ಟಿತು.
ಕಾಲುವೆಯ ಆಚೆ ದಡದಲ್ಲಿ ಉಣ್ಣೆ ಟೋಪಿ ಹಾಕಿದವರು ಯಾರೋ
ಹಲ್ಲಿನಲ್ಲಿ ಕೈಗವಸು ಎಳೆದು ಏನೋ ಬರೆಯುತ್ತಿದ್ದರು.
ಅವಳೇ ಇರಬೇಕು. ಇರಲಿಕ್ಕೂ ಇಲ್ಲ.
ನಾನು ಕರೆಯಲಿಲ್ಲ, ಗಡಿಯಾರ ನೋಡಿಕೊಂಡೆ:
ಐದು ನಲವತ್ತೆರಡು. ಮಂಜಿತ್ತು.
ಅರ್ಧ ಸ್ವರ ಇಳಿದ ಹಾಗೆ
ನನಗೂ ಕೇಳಿತು.