ಬೆರಳು ಬಿಟ್ಟು

ಕೋಡಿಬಾಗದಲ್ಲಿ, ಐಸ್ ಫ್ಯಾಕ್ಟರಿಯ ಮೇಲಿನ ಕೋಣೆಯಲ್ಲಿ
ನನ್ನ ಕೆಲಸ: ಸಾಲುಗಳ ಎಡಕ್ಕೆ ಎಷ್ಟು ಖಾಲಿ ಬಿಟ್ಟಿದೆಯೆಂದು ಎಣಿಸುವುದು.
ಬ್ಯಾಂಕಿನ ಫಾರ್ಮಿನಲ್ಲಿ ಉದ್ಯೋಗದ ಮುಂದೆ
'ಪರೀಕ್ಷಕಿ' ಎಂದು ಬರೆದಿದ್ದೆ.
ಗುಮಾಸ್ತ ಕೇಳಿದ, ಯಾವ ಶಾಲೆ?

ಇವತ್ತು ಆಯ್ಕೆಗಳ ಸರದಿ.
ಎರಡು.
  ಒಂದು ಸಾಲಿನ ಮಗ್ಗುಲಿಗೆ ಇನ್ನೊಂದು
  ತುಸುವೇ ಸರಿದು ಕೂರುತ್ತದೆ,
  ಅಂಕೋಲೆಯ ಬಸ್ಸಿನಲ್ಲಿ ಗುರುತಿಲ್ಲದವಳಿಗೆ
  ಜಾಗ ಬಿಟ್ಟ ಹಾಗೆ.
ನಾಲ್ಕು.
    ಈಗ ಉಸಿರಾಡಬಹುದು.
    ಯಾವ 'ಇಲ್ಲವಾದರೆ' ಯಾವ 'ಆದರೆ'ಯ ಮಗು
    ಎಂದು ಕಣ್ಣಿಗೇ ತಿಳಿಯುತ್ತದೆ.
ಎಂಟು.
        ಮೂರು ಷರತ್ತು ಒಳಗಿಳಿದರೆ ಸಾಕು,
        ಸಾಲು ಪರದೆಯ
        ಅಂಚಿಗೆ ಬಂದು
        ಕಾಳಿ ನದಿಗೆ
        ಬೀಳುವಂತೆ
        ನಿಲ್ಲುತ್ತದೆ.

ಟ್ಯಾಬ್‌ನದ್ದು ಬೇರೆಯೇ ಕತೆ.
ಅದಕ್ಕೆ ತನ್ನದೆಂಬ ಅಗಲವಿಲ್ಲ, ನೋಡುವವರು ಅಂದಷ್ಟು.
ನನ್ನ ಪರದೆಯಲ್ಲಿ ನಾಲ್ಕು, ಎದುರು ಕೂತ ಪಿಯೆದಾದಳ ಪರದೆಯಲ್ಲಿ ಎಂಟು,
ಕಡತ ಒಂದೇ, ಜಗಳ ದಿನಕ್ಕೆರಡು.
ಬಾಡದ ಶಾಲೆಯಲ್ಲಿ ಗುಲಾಬಿ ಅಕ್ಕೋರು ಹೇಳುತ್ತಿದ್ದರು:
ಬೆರಳಿಟ್ಟು ಜಾಗ ಬಿಡು, ಆಮೇಲೆ ಬರೆ.
ಇಟ್ಟೆ. ನನ್ನದು ಒಂದನೇ ಕ್ಲಾಸಿನ ಬೆರಳು.
ಅವರು ತಮ್ಮದನ್ನಿಟ್ಟು ನೋಡಿ
ಜಾಗ ಸಾಲದು ಎಂದು ಕೆಂಪು ಗೀಟು ಹಾಕಿದರು.

ಮಧ್ಯಾಹ್ನ ಡಬ್ಬಿ ತೊಳೆಯಲು ಕೆಳಗಿಳಿದೆ.
ಐಸ್ ಪುಡಿ ಮಾಡುವ ಯಂತ್ರದ ಹಿಂದೆ, ನೆರಳಲ್ಲಿ
ರೋಹಿದಾಸ ತಾಂಡೇಲ ಬಲೆ ಹೆಣೆಯುತ್ತಿದ್ದ, ಎಡಗೈಲಿ ಬಿದಿರಿನ ಪಟ್ಟಿ.
ಕಣ್ಣು ಎಷ್ಟು ಬೆರಳು ಇಡುತ್ತೀ?
"ಯಾವ ಮೀನಿಗೆ?"
ತಾರ್ಲೆಗೆ ಒಂದು, ಬಾಂಗಡೆಗೆ ಎರಡು,
ಇಸೋಣ ಬೇಕೆಂದರೆ ನಾಲ್ಕು. ಪಟ್ಟಿ ಬದಲಿ, ಕೈ ಅದೇ.
ಅರ್ಧ ಬಲೆಗೆ ಒಂದು ಪಟ್ಟಿ, ಉಳಿದರ್ಧಕ್ಕೆ ಇನ್ನೊಂದು?
ಅವನು ಮುಖ ಎತ್ತಲಿಲ್ಲ.
"ಹಾಗೆ ಹೆಣೆದವನ ಮೀನು
ಪಕ್ಕದ ಮನೆಯ ಒಲೆಯಲ್ಲಿ ಬೇಯುತ್ತದೆ."

ಮೇಲೆ ಬಂದು ಹೊಸದೊಂದು ಪರೀಕ್ಷೆ ಬರೆದೆ:
ಅರ್ಧ ಟ್ಯಾಬ್, ಅರ್ಧ ಖಾಲಿ ಜಾಗ, ಒಂದೇ ಕಡತ.
ಪಾಸಾಯಿತು. ಬಲೆಗಿಂತ ಸುಲಭ.

ಇನ್ನೊಂದು ನಿಯಮವಿದೆ. ಒಮ್ಮೆ ಜೋಡಿಸಿದ್ದನ್ನು ಮತ್ತೆ ಜೋಡಿಸಲು ಕೊಟ್ಟರೆ
ಏನೂ ಬದಲಾಗಬಾರದು,
ಬಾಚಿದ ತಲೆಯನ್ನೇ ಮತ್ತೆ ಬಾಚಿದ ಹಾಗೆ.
ಕೊಟ್ಟೆ. ಎಲ್ಲವೂ ಕೂತಲ್ಲೇ ಕೂತವು,
ಮೂವತ್ತೇಳನೇ ಸಾಲಿನ ಟಿಪ್ಪಣಿಯೊಂದರ ಹೊರತು.

// ಇದನ್ನು ಅಳಿಸಬೇಡಿ. ಯಾಕೆಂದು ಮರೆತಿದ್ದೇನೆ. ವಿ.
 // ಇದನ್ನು ಅಳಿಸಬೇಡಿ. ಯಾಕೆಂದು ಮರೆತಿದ್ದೇನೆ. ವಿ.
  // ಇದನ್ನು ಅಳಿಸಬೇಡಿ. ಯಾಕೆಂದು ಮರೆತಿದ್ದೇನೆ. ವಿ.

ಪ್ರತಿ ಸಲಕ್ಕೂ ಒಂದು ಹೆಜ್ಜೆ ಬಲಕ್ಕೆ,
ದೇವಬಾಗದ ಮರಳಲ್ಲಿ ಏಡಿಯ ಹಾಗೆ,
ನಾವು ನೋಡುತ್ತಿಲ್ಲವೆಂದು ನಂಬಿಕೊಂಡು.
ವಿ. ಯಾರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ.
ಸಂಬಳದ ಹಳೇ ಪಟ್ಟಿಯಲ್ಲೂ ಇಲ್ಲ.
ಎರಡು ಸಲ ಓಡಿಸಿದ್ದರೆ ತಪ್ಪು ಸಾಬೀತು,
ನಾನು ಅರವತ್ತು ಸಲ ಓಡಿಸಿದೆ.
ಅದು ಪರದೆ ದಾಟಿತು. ಕೊನೆಗೆ ಕಂಡದ್ದು ಎರಡು ಓರೆ ಗೀಟು,
ಆಮೇಲೆ ಅದೂ ಇಲ್ಲ.

ವರದಿ ಬರೆದೆ. ನಿರೀಕ್ಷಿಸಿದ್ದು: ಸೊನ್ನೆ. ಸಿಕ್ಕಿದ್ದು: ಪ್ರತಿ ಸಲ ಒಂದು.
ಪಿಯೆದಾದ್ ಚಹಾ ಆರುವುದರೊಳಗೆ ಸರಿ ಮಾಡಿದಳು,
ಯಾವುದೋ ಲೆಕ್ಕದಲ್ಲಿ ಸೊನ್ನೆಯಿಂದ ಎಣಿಸುವ ಬದಲು
ಒಂದರಿಂದ ಎಣಿಸಿದ್ದರಂತೆ.
ಆ ಸಾಲು ಬೇಕಾ? ಎಂದಳು, ಬೆರಳು ಕೀಲಿಯ ಮೇಲಿಟ್ಟು.
ಓದಿ ನೋಡು ಎಂದೆ. ಓದಿ, ಬೆರಳು ತೆಗೆದಳು.

ಐದೂವರೆ. ಇನ್ನೂರ ಹದಿಮೂರಕ್ಕೆ ಇನ್ನೂರ ಹದಿಮೂರು, ಎಲ್ಲ ಹಸಿರು.
ಕೆಳಗೆ ಯಂತ್ರ ನಿಂತಿತ್ತು.
ಚಪ್ಪಲಿ ಮೆಟ್ಟಿದವಳು ತಿರುಗಿ ಬಂದು, ನಿಂತೇ
ಇನ್ನೊಂದು ಸಲ ಓಡಿಸಿದೆ.
ಅಲುಗಲಿಲ್ಲ.