ತೊಣಪಲು

ಬಯ್ಯಾರೆಡ್ಡಿ ಮೇಷ್ಟ್ರು ಅದನ್ನು ತಂದದ್ದು
ನಶ್ಯದ ಡಬ್ಬಿಯಲ್ಲಿ, ಹತ್ತಿಯ ಮೇಲೆ ಮಲಗಿಸಿ,
ಬಿದ್ದ ಹಲ್ಲನ್ನು ತರುವ ಹಾಗೆ.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಎದುರು
ನನ್ನ ಜೆರಾಕ್ಸ್ ಅಂಗಡಿ. ಆಧಾರ್, ಪಹಣಿ, ಅರ್ಜೆಂಟ್ ಫೋಟೋ.
"ಹನ್ನೊಂದು ವರ್ಷ ಇದೆಯಮ್ಮ ಇದರೊಳಗೆ," ಅಂದರು.
"ಮೊಮ್ಮಗು ಕಾಲಿಟ್ಟುಬಿಡ್ತು."

ಚುಚ್ಚಿದೆ. ಕಂಪ್ಯೂಟರು ಟಿಂಗ್ ಅಂದು ಸುಮ್ಮನಾಯಿತು.
ಇನ್ನೊಮ್ಮೆ. ಈ ಸಲ ಕೇಳಿತು: ಫಾರ್ಮ್ಯಾಟ್ ಮಾಡಲೇ?
ಎಷ್ಟು ಮರ್ಯಾದೆಯಿಂದ ಕೇಳುತ್ತದೆ ನೋಡಿ,
ಮನೆ ಗುಡಿಸಿ ಸಾರಿಸಿ ಕೊಡಲೇ ಅಂತ,
ಒಳಗೆ ಮಲಗಿದವರ ಸಮೇತ.
ಬೇಡ ಅಂದೆ. ಮೇಷ್ಟ್ರೂ ಬೇಡ ಬೇಡ ಅಂದರು
ಅದಕ್ಕೆ ಕಿವಿ ಇದೆಯೇನೋ ಅನ್ನುವಂತೆ.

ಏನಿದೆ ಸಾರ್ ಒಳಗೆ?
ಪದಗಳು. ಹುಳ ಸಾಕುವವರ ಪದ, ನೂಲು ಬಿಚ್ಚುವವರ ಪದ.
ಹುಳ ನಾಲ್ಕು ಸಲ ಜ್ವರಕ್ಕೆ ಬೀಳುತ್ತದಲ್ಲ, ಆ ಜ್ವರ.
ಹಣ್ಣಾದ ಹುಳ. ಚಂದ್ರಂಕಿ.
ನಿಮ್ಮಮ್ಮ ಆಡುವಂಥವು, ಯಾವ ನಿಘಂಟಿಗೂ ಬಾರದವು.

ಮುರಿದ ಮೂತಿಗೆ ಬೆಸುಗೆ ಹಾಕಿದೆ,
ಕೂದಲೆಳೆಯಂಥ ನಾಲ್ಕು ತಂತಿ.
ಮೂಲವನ್ನು ಕೆದಕಬಾರದು;
ಇದ್ದುದನ್ನು ಇದ್ದ ಹಾಗೆ ನಕಲು ತೆಗೆದು
ನಕಲಿನಲ್ಲಿ ಹುಡುಕಬೇಕು.
ಕಡ್ಡಿ ಕಾದು ನಿಂತಿತು. ಫ್ಯಾನಿನ ಕೆಳಗಿಟ್ಟೆ.
ಆರಿತು. ಮತ್ತೆ ಚುಚ್ಚಿದೆ.
ಹೀಗೆ ಮೂರು ದಿನ, ನಡುವೆ ಕರೆಂಟು ಎರಡು ಸಲ ಹೋಯಿತು.

ರಾತ್ರಿ ಅಮ್ಮಿ ಕೇಳಿದಳು: "ಸಿರಾ ಸಿಕ್ತಾ?"
ಸಿರಾ ಅಂದರೆ ಎಳೆಯ ತುದಿ.
ಮೂವತ್ತು ವರ್ಷ ಕುದಿನೀರಲ್ಲಿ ಕೈಯಾಡಿಸಿ
ಅವಳ ಬೆರಳ ಗೆರೆ ಅಳಿಸಿವೆ.
ರೇಷನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ
ಅವಳ ಹೆಬ್ಬೆಟ್ಟು ಓದಲಾಗುತ್ತಿಲ್ಲ ಅನ್ನುತ್ತದೆ.
"ಸಿರಾ ಸಿಕ್ಕರೆ ಗೂಡು ತಾನೇ ಬಿಚ್ಕೊಳ್ಳುತ್ತೆ.
ಚಿಟ್ಟೆ ಕೊರೆದ ತೂತುಗೂಡಾದರೆ ಬಿಸಾಕು,
ಅದರಲ್ಲಿ ಬರೀ ತುಂಡು."

ನಾಲ್ಕನೇ ದಿನ ಬಂದವು. ಬರೀ ತುಂಡು.
ಹೆಸರುಗಳಿಲ್ಲ, ಜೈಲಿನವರ ಹಾಗೆ ನಂಬರು ಮಾತ್ರ.
ಅರ್ಧ ಫೋಟೋ: ಮುಂಡಾಸು ಇದೆ, ಮೀಸೆ ಇದೆ,
ಕುತ್ತಿಗೆಯಿಂದ ಕೆಳಗೆ ಬೂದಿಬಣ್ಣ.
ದೊಡ್ಡ ಕಡತ ತೆರೆದರೆ
ಇಂಗ್ಲಿಷಿನ ಅಕ್ಷರಕ್ಕೆ ಕೊಂಬು ಮೂಡಿ, ಬಾಲ ಬೆಳೆದು
ಯಾರೋ ಜ್ವರದಲ್ಲಿ ಹಲ್ಲು ಕಡಿದ ಹಾಗೆ.
ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು.

ನನಗೆ ಗೊತ್ತಿತ್ತು: ಇದು ಹಳೇ ನುಡಿಯಲ್ಲಿ ಕುಟ್ಟಿದ್ದು.
ಎಲ್ಲ ಆಯ್ದು ಫಾಂಟು ಬದಲಿಸಿದೆ.
ಹಾಸಿದ ಸೊಪ್ಪಿನಡಿಯಿಂದ
ಹುಳ ಒಂದೊಂದೇ ತಲೆಯೆತ್ತುವಂತೆ
ಎದ್ದಿತು ಕನ್ನಡ.

ಜ-ದಿಂದ ಮ-ವರೆಗೆ ಉಳಿದಿತ್ತು.
"ಅ-ದಿಂದ ಚ ಹೋದರೆ ಹೋಗಲಿ, ಬಾಯಲ್ಲೇ ಇದೆ," ಅಂದರು,
ಈಗಷ್ಟೇ ಅತ್ತ ಕಣ್ಣಲ್ಲಿ.
ಆಮೇಲೆ ಒಂದು ಸಾಲಿಗೆ ಬಂದು ನಿಂತೆವು.

ತೊಣಪಲು: ನಾಮಪದ.
ಮುಂದೆ ಏನಿಲ್ಲ.

ಕನ್ನಡಕ ತೆಗೆದರು, ಒರೆಸಿದರು, ಹಾಕಿದರು.
ಹೇಳಿದವಳು ಚೌಡಸಂದ್ರದ ಪಿಳ್ಳಮ್ಮ.
ಅವಳು ಕೂತ ಒರಳುಕಲ್ಲು ನೆನಪಿದೆ,
ಕೊಟ್ಟ ಮಜ್ಜಿಗೆಯಲ್ಲಿ ಉಪ್ಪು ಹೆಚ್ಚಾಗಿದ್ದು ನೆನಪಿದೆ.
ಪದ ಏನನ್ನು ಹೇಳಿತ್ತೋ, ಅದು ಮಾತ್ರ ಇಲ್ಲ.
ಪಿಳ್ಳಮ್ಮ ಹೋಗಿ ಆರು ವರ್ಷ.

ಇನ್ನೂರು ಕೊಟ್ಟರು. ನೂರು ವಾಪಸ್ ಕೊಟ್ಟೆ.
ಕಡತ ಈಗ ಮೂರು ಕಡೆ ಇದೆ.
ಸ-ಕಾರ ಮತ್ತೆ ಬರೆಯುವಾಗ ಸಿರಾ ಸೇರಿಸಿ ಅಂದೆ,
ತಲೆಯಾಡಿಸಿದರು, ಕೈಯ ಮೇಲೆ ಬರೆದುಕೊಂಡರು.

ಜೆರಾಕ್ಸಿಗೆ ಬಂದವರನ್ನೆಲ್ಲ ಕೇಳುತ್ತಿದ್ದೇನೆ.
ಹುಳದ ಕೊನೇ ಊಟ ಅಂದರು ಒಬ್ಬರು.
ಹರಿದ ತಟ್ಟೆಗೆ ಹಾಕುವ ತೇಪೆ ಅಂದರು ಇನ್ನೊಬ್ಬರು.
ಒಬ್ಬ ಮುದುಕಿ ಸೆರಗು ಬಾಯಿಗಿಟ್ಟು ನಕ್ಕು
"ಗೊತ್ತು, ಹೇಳಲ್ಲ" ಅಂದು ಹೋದಳು.
ಅಮ್ಮಿ ಅಂದಳು: ನೀರಿಂದ ಕೈ ತೆಗೆದ ಮೇಲೂ
ಬೆರಳಲ್ಲಿ ಉಳೀತದಲ್ಲ ಉರಿ, ಅದಿರಬೇಕು.
ಅದಕ್ಕೂ ಒಂದು ಹೆಸರು ಬೇಕಲ್ಲ.

ಯಾವುದನ್ನೂ ತುಂಬಿಲ್ಲ ನಾನು.
ಆ ಸಾಲಿನ ತುದಿಯಲ್ಲಿ ಕರ್ಸರು ಮಿಣುಕುತ್ತಿದೆ.
ಎರಡು ಕಾಪಿನಾ? ಎರಡೂ ಕಡೆನಾ?
ಅಂದಹಾಗೆ, ನೀವು ಚೌಡಸಂದ್ರದ ಕಡೆಯವರಾ?